ಬ್ರೇಕ್ ಒತ್ತಿದ ಮಧ್ಯಾಹ್ನ

ಯಾರಾದರೂ ನಂಬಲಿ ಎಂದು ಇದನ್ನು ಬರೆಯುತ್ತಿಲ್ಲ. ತೀರಿಹೋದ ಮಾವನವರ ಹಳೇ ಪಿಕಪ್‌ಗೆ ನಮ್ಮವರು ಹೊಸ ಎಂಜಿನ್ ಕೂರಿಸಿದ್ದರು. ಅದರ ವೇಗಕ್ಕೆ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ಅವರು ಕೆಳಗೆ ಮಲಗಿ ಬ್ರೇಕ್ ಎಣ್ಣೆಯ ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ಚಕ್ರದ ಬಳಿಯ ಸ್ಕ್ರೂ ಸಡಿಲಿಸಿ ತೆಗೆಯುವುದು, ನಾನು ಮೇಲೆ ಕೂತು ಪೆಡಲ್ ಒತ್ತುವುದು ಎಂದಾಯಿತು.

"ನಾನು ಬಿಡು ಅನ್ನೋ ತನಕ ಕಾಲು ತೆಗೀಬೇಡ. ಮನೇಲಂತೂ ನನ್ನ ಮಾತು ಕೇಳಲ್ಲ, ಇಲ್ಲಾದ್ರೂ ಕೇಳು," ಎಂದು ನಗುತ್ತಾ ಗಾಡಿಯಡಿ ನುಸುಳಿದರು.

"ಒತ್ತು. ಬಿಡು." ಮಟಮಟ ಮಧ್ಯಾಹ್ನ ಅರ್ಧ ಗಂಟೆ ಹೀಗೇ ಸಾಗಿತು. ಬರಬರುತ್ತಾ ಕೆಳಗಿನ ದನಿ ದಪ್ಪಗಾಯಿತು. ಪೆಡಲ್ ಚಪ್ಪಲಿ ದಾಟಿ ಅಂಗಾಲನ್ನು ಕೊರೆಯುವಷ್ಟು ತಣ್ಣಗಾಯಿತು.

"ಒತ್ತಮ್ಮಾ."

ನಮ್ಮವರು ಯಾವತ್ತೂ ನನ್ನನ್ನು ಹಾಗೆ ಕರೆದವರಲ್ಲ. ಹಾಗೆ ಕರೆಯುತ್ತಿದ್ದವರು ಮಾವನವರೊಬ್ಬರೇ. ತಲೆಯೆತ್ತಿದರೆ, ಅವರು ಗೇಟು ತೆಗೆದು ಬ್ರೇಕ್ ಎಣ್ಣೆಯ ಡಬ್ಬಿ ಹಿಡಿದು ಬರುತ್ತಿದ್ದರು.

"ಆಗ್ಲೇ ಅಂಗಡಿಗೆ ಹೋಗ್ತೀನಿ ಅಂದ್ನಲ್ಲ, ಇನ್ನೂ ಕೂತಿದ್ಯಾ? ಇಳಿ."

ನನ್ನ ಕಾಲು ಏಳಲಿಲ್ಲ. ಕೆಳಗಿದ್ದವರು ಇನ್ನೂ ಬಿಡು ಎಂದಿರಲಿಲ್ಲ. "ಬಗ್ಗಿ ನೋಡ್ಬೇಡಿ," ಎಂದೆ. ಅವರು ನೋಡಿಯೇಬಿಟ್ಟರು. ಅಲ್ಲಿ ಯಾರೂ ಇರಲಿಲ್ಲ. ನಾಲ್ಕೂ ಚಕ್ರದ ಸ್ಕ್ರೂ ಬಿಗಿಯಾಗಿದ್ದವು, ಪೈಪಿನಲ್ಲಿ ಒಂದು ಗುಳ್ಳೆಯೂ ಉಳಿದಿರಲಿಲ್ಲ.

ಆ ಬ್ರೇಕನ್ನು ಆಮೇಲೆ ಯಾರೂ ಮುಟ್ಟಿಲ್ಲ. ಇವತ್ತಿಗೂ ಚೆನ್ನಾಗಿಯೇ ಹಿಡಿಯುತ್ತದೆ.