ಬಿಲ್ಲೆ ಇಲ್ಲದ ಬಿಲ್ಲೆಗಾರ

ಕೃಷ್ಣೆ ಇನ್ನೂ ಯಾವ ದಂಡೆಗೆ ಒರಗಿ ಹರಿಯಬೇಕೆಂದು ಗೊತ್ತುಮಾಡಿಕೊಂಡಿರದ ಕಾಲದಲ್ಲಿ, ಆ ಹೊಳೆಯ ಮಗ್ಗುಲಿಗೆ ಒಬ್ಬ ಅರಸನಿದ್ದನಂತೆ. ಅವನ ರಾಜ್ಯದಲ್ಲಿ ನಾಣ್ಯವೇ ಇರಲಿಲ್ಲ. ಎಲ್ಲರ ಸೊಂಟದಲ್ಲೂ ಅರಗಿನ ಒಂದೊಂದು ಬಿಲ್ಲೆ. ಬಿಲ್ಲೆಯ ಮೇಲೆ ಅವರವರ ಹೆಸರು ಉಬ್ಬಿಕೊಂಡಿರುತ್ತಿತ್ತು. ಅದನ್ನು ತೋರಿಸಿದರೆ ಸಾಕು, ಕೇಳಿದ್ದು ಸಿಗುತ್ತಿತ್ತು. ಜೋಳ ಕೇಳಿದವರಿಗೆ ಜೋಳ, ಕುಪ್ಪಸ ಕೇಳಿದವರಿಗೆ ಕುಪ್ಪಸ. ಆ ಬಿಲ್ಲೆಗಳನ್ನೆಲ್ಲ ಒತ್ತುವವನು ಒಬ್ಬನೇ ಒಬ್ಬ ಬಿಲ್ಲೆಗಾರ. ಯಾರೂ ತಮ್ಮ ಹೆಸರನ್ನು ತಾವೇ ಒತ್ತಿಕೊಳ್ಳಬಾರದೆಂದು ಅರಸನ ಕಟ್ಟಳೆ. ಹಾಗಾಗಿ ಊರಿಗೆಲ್ಲ ಬಿಲ್ಲೆ ಕೊಟ್ಟವನಿಗೇ ಬಿಲ್ಲೆ ಇರಲಿಲ್ಲ. ಅರಮನೆಯಿಂದ ಎರಡು ಹೊತ್ತು ಊಟ ಬರುತ್ತಿತ್ತು, ಅಷ್ಟೇ. ಅವನು ಯಾರನ್ನೂ ಏನನ್ನೂ ಕೇಳುವಂತಿರಲಿಲ್ಲ. ಅಂಥವನು ಒಂದು ದಿನ ಒಂದು ಮನೆಯ ಮುಂದೆ ಬಂದು ನಿಂತ. ಒಳಗೆ ಬಳೆ ಸದ್ದಾಯಿತು. ಬಾಗಿಲು ತೆರೆಯಿತು...

ಇಷ್ಟಕ್ಕೆ ಗದ್ದೆಮ್ಮಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು.

"ಮುಂದ ಏನಾತು ಯವ್ವಾ?" ಎಂದು ಮೊಮ್ಮಗಳು ಅಮರಮ್ಮ ಎಷ್ಟು ಅಲುಗಿಸಿದರೂ ಗೊರಕೆಯೇ ಉತ್ತರ. ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಆ ಮನೆಯಲ್ಲಿ ಹುಡುಗಿ ಬೆಳೆದು ಲಂಗದಿಂದ ಸೀರೆಗೆ ಬಂದಳು, ಕಥೆ ಮಾತ್ರ ಬಾಗಿಲಲ್ಲೇ ನಿಂತಿತ್ತು. ಚಿತ್ರಕಲೆ ಓದಲು ರಾಯಚೂರಿಗೆ ಹೊರಟ ದಿನ ಅಮರಮ್ಮ ಪಟ್ಟುಹಿಡಿದು ಕೇಳಿದಳು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ನಮ್ಮವ್ವಗೂ ಇಲ್ಲಿಗೇ ನಿದ್ದಿ ಬರ್ತಿತ್ತವ್ವ. ತುದಿ ನನಗೂ ಗೊತ್ತಿಲ್ಲ. ಓದಾಕಿ ನೀನು, ನೀನ ಹುಡುಕು. ಸಿಕ್ಕ ದಿನ ಬಂದು ನನಗೂ ಹೇಳು."

ಅಮರಮ್ಮ ಅಜ್ಜಿಯ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಅರಸನ ಬಿಲ್ಲೆ ಪ್ಲಾಸ್ಟಿಕ್ಕಿನದಾಗಿ ಮತ್ತೆ ಹುಟ್ಟಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ರಾಯಚೂರು ಸ್ಟೇಷನ್ನಿನ ಹಿಂದಿನ ಒಂದು ತಗಡಿನ ಶೆಡ್ಡಿನಲ್ಲಿ. ಬಾಗಿಲ ಬೋರ್ಡು, ಎದೆಗೆ ಚುಚ್ಚುವ ಬಿಲ್ಲೆ ಮಾಡಿಕೊಂಡಿದ್ದ ವಲಿ ಪಾಷಾರಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದ ನೌಕರರ ಸಂಘವೊಂದು ಹೊಸ ಕೆಲಸ ಕೊಟ್ಟಿತ್ತು. ಸದಸ್ಯರಿಗೆಲ್ಲ ಒಂದೊಂದು ಕಾರ್ಡು. ಅಂಗಡಿಯಲ್ಲಿ ಕಾರ್ಡು ಕೊಟ್ಟರೆ ಅಂಗಡಿಯವನು ಅದರ ಮೇಲೆ ಕಾರ್ಬನ್ ಚೀಟಿಯಿಟ್ಟು ಉರುಳೆ ಎಳೆಯುತ್ತಾನೆ, ಉಬ್ಬಿದ ಹೆಸರು ಚೀಟಿಯಲ್ಲಿ ಮೂಡುತ್ತದೆ, ದುಡ್ಡು ಸಂಘ ಕೊಡುತ್ತದೆ. ಪಾಷಾ ಎಲ್ಲಿಂದಲೋ ಹಳೆಯ ಮಷಿನ್ನುಗಳನ್ನು ತರಿಸಿದರು. ಚಿತ್ರ ಬರೆಯಲು ಅಮರಮ್ಮ ಬಂದಳು, ಮಷಿನ್ನು ನಡೆಸಲು ಮಾನ್ವಿಯ ತಾಯಣ್ಣ.

ಮೊದಲ ದಿನವೇ ಜಗಳ.

ಅಮರಮ್ಮ ಬೆಳ್ಳಕ್ಕಿ ಬರೆದಿದ್ದಳು. ಗೂಗಲ್ಲಿನ ಹೊಳೆಯಲ್ಲಿ ಮೀನಿಗೆ ಕಾಯುವ ಬೆಳ್ಳಕ್ಕಿ. ನೀಲಿ ಕಾರ್ಡಿನ ತುಂಬ ಉದ್ದ ಕೊರಳು ಬಾಗಿಸಿ ನಿಂತಿತ್ತು. ತಾಯಣ್ಣ ಅದರ ಮೇಲೆ ನಂಬರು ಒತ್ತಿ ಕೈಗಿಟ್ಟಾಗ ಅವಳ ಕಣ್ಣು ಕೆಂಪಾದವು.

"ಏನ್ರೀ ಇದು! ಹಕ್ಕಿ ಕುತ್ತಿಗಿ ಮುರದೀರಲ್ರೀ!"

"ನಾ ಎಲ್ಲಿ ಮುರದೀನ್ರೀ? ನಂಬರ್ ಕೂಡೋ ಜಾಗದಾಗ ಹಕ್ಕಿ ಬಂದು ಕುಂತದ."

"ಹಕ್ಕಿ ಮೊದಲ ಕುಂತಿತ್ತು."

"ಹಂಗಾದ್ರ ಅದಕ್ಕ ಹೇಳ್ರಿ. ಸಂಘದವರಿಗೆ ನಂಬರೂ ತಾನ ಕೊಡ್ಲಿ."

ಪಾಷಾ ಚಹಾದ ಬಸಿ ಕೆಳಗಿಟ್ಟರು. "ಬೇಟಿ, ಅಂವಗ ಬೈಬ್ಯಾಡ. ಅಂವ ನಂಬರ್ ಹೊಡದ್ರ ಹಕ್ಕಿ ಸಾಯ್ತದ, ಹೊಡೀಲಿಲ್ಲಂದ್ರ ನಾ ಸಾಯ್ತೀನಿ."

ತಾಯಣ್ಣ ನಗಲಿಲ್ಲ. ಕೆಟ್ಟ ಕಾರ್ಡನ್ನು ಕತ್ತರಿಸಲೇಬೇಕೆಂಬುದು ಸಂಘದ ನಿಯಮ. ಅವನು ಕತ್ತರಿ ಹಿಡಿದವನು ಹಕ್ಕಿಯ ತಲೆ, ಕಣ್ಣು, ಕೊಕ್ಕಿಗೆ ತಾಗದಂತೆ ಸುತ್ತು ಹಾಕಿ ಕತ್ತರಿಸಿದ. ಅದನ್ನು ಅವಳು ನೋಡಿದಳು. ನೋಡಿದ್ದನ್ನು ಅವನೂ ನೋಡಿದ. ಅಮರಮ್ಮನ ಸಿಟ್ಟು ಅರ್ಧ ದಾರಿಯಲ್ಲಿ ಯಾಕೆ ಬಂದೆನೆಂದು ಮರೆತವರ ಹಾಗೆ ನಿಂತುಬಿಟ್ಟಿತು.

ಮರುದಿನ ಅವಳು ಹಕ್ಕಿಯನ್ನು ಮೇಲಕ್ಕೆ ಸರಿಸಿ, ಒಂಟಿಕಾಲಲ್ಲಿ ನಿಲ್ಲಿಸಿದಳು. ನಂಬರು ಬರುವ ಸಾಲನ್ನು ನೀರು ಮಾಡಿದಳು. ತಾಯಣ್ಣ ಒತ್ತಿದ. ಉಬ್ಬಿದ ಅಂಕಿಗಳು ಹಕ್ಕಿಯ ಕಾಲಡಿ ತೆರೆಗಳಾಗಿ ಎದ್ದವು. ಅವನು ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಹಿಡಿದ ಕಾರ್ಡಿನ ಅಂಚಿನ ಮೇಲಿಂದ ಅವಳನ್ನು ನೋಡಿದ. ಕಾರ್ಡು ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಹಕ್ಕಿ ಉಳೀತಲ್ರೀ," ಎಂದಳು, ಸೆರಗು ಸರಿಮಾಡಿಕೊಳ್ಳುತ್ತ.

"ಹಕ್ಕಿ ಉಳೀತು," ಎಂದ. ಬೇರೆ ಯಾರೋ ಉಳಿಯಲಿಲ್ಲವೆಂಬಂತೆ ಇತ್ತು ಆ ದನಿ.

ಕಾರ್ಡಿನ ಹುಟ್ಟಿಗೆ ಅವಸರ ಆಗದು. ಚಿತ್ರ ಅಚ್ಚಾದ ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೊಂದು ಕೆಳಗೊಂದು ತಿಳಿ ಹಾಳೆಯಿಟ್ಟು, ಕನ್ನಡಿಯಂಥ ಉಕ್ಕಿನ ತಗಡುಗಳ ನಡುವೆ ಸೇರಿಸಿ, ಪ್ರೆಸ್ಸಿನ ಚಕ್ರ ಬಿಗಿದು ಕಾಯಿಸಬೇಕು. ಕಾದು ಮೂರೂ ಬೆಸೆದು ಒಂದೇ ಆಗುತ್ತವೆ. ಆದರೆ ಆರುವ ತನಕ ಚಕ್ರ ಸಡಿಲಿಸುವಂತಿಲ್ಲ. ಬಿಸಿಯಲ್ಲೇ ತೆಗೆದರೆ ಹಾಳೆ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಆ ಆರುವ ಹೊತ್ತು ಅವರಿಬ್ಬರದಾಯಿತು. ಪ್ರೆಸ್ಸನ್ನು ಆರಿಸುವ ತಣ್ಣೀರು ಕೊಳವೆಯಲ್ಲಿ ಗುಳುಗುಳು ಹರಿಯುತ್ತಿದ್ದರೆ ಅಮರಮ್ಮ ಸ್ಟೂಲಿನ ಮೇಲೆ ಕೂತು ಅಜ್ಜಿಯ ಕಥೆ ಹೇಳುತ್ತಿದ್ದಳು; ತಾಯಣ್ಣ ಪ್ರೆಸ್ಸಿನ ಪಕ್ಕದ ಗೋಡೆಗೆ ಒರಗಿ ಹೂಂಗುಟ್ಟುತ್ತಿದ್ದ. ಬಿಲ್ಲೆಗಾರನ ಕಥೆ ಬಾಗಿಲಿಗೆ ಬಂದ ದಿನ ಅವನು ಹೂಂಗುಟ್ಟುವುದನ್ನೂ ಮರೆತ.

"ಆಮ್ಯಾಲ?"

"ಆಮ್ಯಾಲ ನಮ್ಮಜ್ಜಿ ಮಕ್ಕೊಂಡ್ಲು."

"ಏ, ಅನ್ಯಾಯ ಅದ್ರೀ ಇದು! ಅಂವ ಇನ್ನೂ ಬಾಗಿಲದಾಗ ನಿಂತಾನೇನು?"

"ನಿಂತಾನ. ಪಾಪ, ಕಾಲು ನೊಂದಿರಬೇಕು."

ಇಬ್ಬರೂ ನಕ್ಕರು. ಆಮೇಲೆ ತಾಯಣ್ಣ ತನ್ನ ಬೆರಳುಗಳನ್ನೇ ನೋಡಿಕೊಂಡ. "ನನಗೂ ಕಾರ್ಡಿಲ್ಲ ನೋಡ್ರಿ. ಊರಿಗೆಲ್ಲ ಒತ್ತೀನಿ."

"ನಾ ಒತ್ತಿಕೊಡ್ತೀನಿ."

"ಹ್ಯಾಂಗ ಒತ್ತೀರಿ? ಸಂಘದ ಕಾರ್ಡು ಒಂದೂ ಹೆಚ್ಚಿಗಿ ಹುಟ್ಟಂಗಿಲ್ಲ. ಹುಟ್ಟಿದ್ರ ಅದು ಕಳ್ಳ ಕಾರ್ಡು."

"ಕಳ್ಳ ಅಲ್ಲದ್ದು ಒಂದು ಹುಟ್ತದ. ಅವತ್ತು ನಿಮ್ಮ ಹೆಸರು ನನ್ನ ಕೈಲೆ. ಮಾತು ಕೊಟ್ಟೀನಿ."

ಅವನು ತಲೆಯೆತ್ತಿದ. ಚಕ್ರದ ಬಿಗಿ ನೋಡುವ ನೆವದಲ್ಲಿ ಅತ್ತ ತಿರುಗಿದ. ಅಮರಮ್ಮನ ಕಡೆಯವರಲ್ಲಿ ಗಂಡಿನವರು ಮನೆಗೆ ಬಂದು ಹೆಣ್ಣು ಕೇಳಬೇಕು. ಹೆಣ್ಣಿನವರು ತಾವಾಗಿ ಬಾಯಿಬಿಡುವಂತಿಲ್ಲ. ಅವನಿಗೋ ಅಪ್ಪನಿಲ್ಲ, ಅವ್ವನಿಲ್ಲ, ಮುಂದೆ ನಿಂತು ಮಾತಾಡುವ ಒಬ್ಬ ಹಿರಿಯನಿಲ್ಲ. "ನಾ ಯಾವ ಬಾಯಿಲೆ ಏನ್ ಕೇಳ್ಲಿ" ಎಂದು ಒಮ್ಮೆ ಪಾಷಾರ ಮುಂದೆ ಅಂದಿದ್ದು ಅವಳ ಕಿವಿಗೆ ಬಿದ್ದಿತ್ತು. ರಾಜರಾಣಿಯರ ಪ್ರೇಮವನ್ನು ಗಂಟೆಗಟ್ಟಲೆ ಹೇಳಬಲ್ಲ ಹುಡುಗಿಗೆ ತನ್ನದೊಂದು ಮಾತು ಗಂಟಲು ದಾಟುತ್ತಿರಲಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಸಿದ್ಧಮಾಡಿಕೊಂಡು ಬಂದ ಮಾತು ಶೆಡ್ಡಿನ ಹೊಸ್ತಿಲಲ್ಲಿ "ಚಹಾ ಆತೇನ್ರೀ?" ಆಗಿಬಿಡುತ್ತಿತ್ತು.

ಅಷ್ಟರಲ್ಲಿ ಕಾರ್ಡಿನ ಕಾಲವೇ ಮುಗಿಯಿತು. ಅಂಗಡಿಯವರು ಕಾರ್ಡನ್ನು ಹಿಂದೆಮುಂದೆ ತಿರುವಿ, "ಹಕ್ಕಿ ಛಂದ ಅದ ಬಿಡ್ರಿ, ನೋಟು ಕೊಡ್ರಿ" ಎಂದರಂತೆ. ಉರುಳೆಯ ಪೆಟ್ಟಿಗೆಗಳು ಗಲ್ಲೆಯ ಕೆಳಗೆ ಸೇರಿದವು. ಸಂಘ ಕೈಬಿಟ್ಟಿತು, ಉಳಿದ ಹಾಳೆಗಳನ್ನು ಒಯ್ದು ಕತ್ತರಿಸಿ ಹಾಕಿತು. ಪಾಷಾ ಒಂದೇ ತಿಂಗಳಲ್ಲಿ ಮುದುಕರಾದರು. ಮನೆಯಲ್ಲಿ ಹೆಂಡತಿ ಹಸೀನಾ ಬೇಗಂ ಕೈಯ ಬಂಗಾರದ ಬಳೆಗಳನ್ನು ಬಿಚ್ಚಿ ಒತ್ತೆಯಿಟ್ಟಿದ್ದಾರೆಂದು ಮಾತು ಹಬ್ಬಿತು. ಮಷಿನ್ನು ಮಾರದೆ ದಾರಿಯಿರಲಿಲ್ಲ.

ಕೊಳ್ಳಲು ಹೈದರಾಬಾದಿನಿಂದ ಈರಯ್ಯ ಎಂಬಾತ ಲಾರಿ ಸಮೇತ ಬಂದ. ಅವನದು ಎರಡು ಷರತ್ತು. ಒಂದು, ಕಣ್ಣೆದುರೇ ಒಂದು ಹಾಳೆ ತೆಗೆದು ತೋರಿಸಬೇಕು. ಹಾಳೆ ಸೊಟ್ಟ ಬಂದರೆ ಪ್ರೆಸ್ಸಿನ ಹಲಗೆ ಕೆಟ್ಟಿದೆ ಎಂದರ್ಥ, ವ್ಯಾಪಾರ ಇಲ್ಲ. ಎರಡು, ಮಷಿನ್ನಿನ ಜೊತೆ ಅದನ್ನು ಬಲ್ಲ ಮನುಷ್ಯನೂ ಬರಬೇಕು.

ಎರಡನೆಯದನ್ನು ಹೇಳುವಾಗ ಪಾಷಾ ತಾಯಣ್ಣನ ಮುಖ ನೋಡಲಿಲ್ಲ. "ಬೇಟಾ, ನಾ ಹೋಗು ಅನ್ನಂಗಿಲ್ಲ. ಆದ್ರ..."

"ಹೋಗ್ತೀನ್ರೀ ಸಾವಕಾರ್ರೇ," ಎಂದ ತಾಯಣ್ಣ. ಮಗನಂತೆ ಉಣ್ಣಿಸಿದ ಮನುಷ್ಯನಿಗೆ ಇನ್ನೇನು ಹೇಳಿಯಾನು?

ಅಮರಮ್ಮ ಬ್ರಷ್ಷು ತೊಳೆಯುತ್ತಿದ್ದಳು. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದಳು.

ತೋರಿಸುವ ಹಾಳೆಗೆ ಸಂಘದ ಹೆಸರು ಬೇಡವಾಗಿತ್ತು. ಬರೀ ಬೆಳ್ಳಕ್ಕಿ, ಬರೀ ನೀರು ಅಚ್ಚುಮಾಡಿದರು. ಪ್ರೆಸ್ಸು ಕಾಯಿತು. ಇನ್ನೇನು ಆರಬೇಕು ಎನ್ನುವಾಗ ಕರೆಂಟು ಹೋಯಿತು. ಪಂಪು ನಿಂತಿತು, ಕೊಳವೆಯ ಗುಳುಗುಳು ನಿಂತಿತು.

"ಇಲ್ಲೇ ಬಾಜೂಕ ಕರೆಂಟ್ ತಯಾರ್ ಮಾಡ್ತಾರಂತ, ಇಲ್ಲೇ ಇರಂಗಿಲ್ಲ!" ಎಂದು ಈರಯ್ಯ ಗೊಣಗಿದ. ನೀರಿಲ್ಲದೆ ತಾನಾಗಿಯೇ ಆರಲು ಬಹಳ ಹೊತ್ತು ಬೇಕೆಂದು ತಿಳಿದು ಪಾಷಾರನ್ನು ಕರೆದುಕೊಂಡು ಊಟಕ್ಕೆ ಹೋದ. ಲಾರಿಯ ಹಮಾಲರು ಬೇವಿನ ನೆರಳಿಗೆ ಒರಗಿದರು.

ಶೆಡ್ಡಿನಲ್ಲಿ ಇಬ್ಬರೇ. ಪ್ರೆಸ್ಸಿನಿಂದ ಬಿಸಿ ಬರುತ್ತಿತ್ತು.

ಅಮರಮ್ಮ ಬಂದು ಚಕ್ರದ ಮೇಲೆ ಕೈಯಿಟ್ಟಳು. ಯಾಕೆ ಇಟ್ಟಳೋ ಅವಳಿಗೂ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಒಂದು ಸುತ್ತು, ಒಂದೇ ಸುತ್ತು ಸಡಿಲಿಸಿದರೆ ಸಾಕು. ಹಾಳೆ ಸೊಟ್ಟಗಾಗುತ್ತದೆ. ಈರಯ್ಯ ಬರಿಗೈಲಿ ಹೋಗುತ್ತಾನೆ. ಮಷಿನ್ನು ಇಲ್ಲೇ, ತಾಯಣ್ಣ ಇಲ್ಲೇ.

ತಾಯಣ್ಣ ಅವಳ ಕೈ ನೋಡಿದ. ಮುಖ ನೋಡಿದ. ಅವನಿಗೂ ತಿಳಿಯಿತು.

"ತಿರುವ್ರಿ," ಎಂದ ಮೆಲ್ಲಗೆ. "ಯಾರಿಗೂ ಹೇಳಂಗಿಲ್ಲ. ನನ್ನ ಕೈಲೆ ತಪ್ಪಾತು ಅಂತೀನಿ."

"ನೀವ ಯಾಕ ತಿರುವಬಾರದು?"

"ನನ್ನ ಕೈಯಾಗ ಬಲ ಇಲ್ರೀ. ಮುಂಜಾನಿಂದ ನೋಡಾಕತ್ತೀನಿ, ಇಲ್ಲ."

ಹೆಸರು ಒತ್ತಿ ಒತ್ತಿ ಗಟ್ಟಿಯಾದ ಕೈ ಅದು. ಅದರಲ್ಲಿ ಬಲವಿಲ್ಲವಂತೆ. ಅಮರಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಅವನು ಉಳಿಯಬೇಕೆಂದಿದ್ದಾನೆ! ಇಷ್ಟು ದಿನ ಕೇಳಬೇಕೆಂದಿದ್ದ ಮಾತು ಇಷ್ಟು ಹತ್ತಿರ ಬಂದು ನಿಂತಿದೆ. ಅದನ್ನು ಒಳಗೆ ಕರೆದುಕೊಳ್ಳಲು ಅವಳಿಂದ ಆಗುತ್ತಿಲ್ಲ. ಚಕ್ರ ತಣ್ಣಗಿತ್ತು, ಒಳಗಿನ ಹಾಳೆ ಮಾತ್ರ ಇನ್ನೂ ಬಿಸಿ. ಕಣ್ಣ ಮುಂದೆ ಚಹಾದ ಬಸಿ ಹಿಡಿದ ಪಾಷಾ, ಹಸೀನಾ ಬೇಗಂರ ಬೋಳು ಕೈ.

ಕೈ ತೆಗೆದಳು.

"ನನ್ನ ಹಕ್ಕಿ ಸೊಟ್ಟ ಆಗ್ತದ್ರೀ," ಎಂದಳು.

ತಾಯಣ್ಣ ತಲೆಯಾಡಿಸಿದ. ಇಬ್ಬರೂ ಪ್ರೆಸ್ಸಿನ ಆಚೆಗೊಬ್ಬರು ಈಚೆಗೊಬ್ಬರು ನೆಲದ ಮೇಲೆ ಕೂತು, ಹಾಳೆ ಆರುವುದನ್ನು ಕಾದರು. ಅಂದು ಕಥೆಯಿರಲಿಲ್ಲ. ಹೂಂಗುಟ್ಟುವುದೂ ಇರಲಿಲ್ಲ.

ಹಾಳೆ ನೀರಿನಷ್ಟು ಸಮನಾಗಿ ಬಂತು. ಈರಯ್ಯ ಅದನ್ನು ಮೇಜಿನ ಮೇಲಿಟ್ಟು, ಬಗ್ಗಿ ಕಣ್ಣಳತೆಯಲ್ಲಿ ನೋಡಿ, "ಭೇಷ್" ಎಂದ. ಪಾಷಾ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹಮಾಲರು ಹಗ್ಗ ಬಿಚ್ಚಿದರು.

"ಸಾವಕಾರ್ರೇ," ಅಮರಮ್ಮನ ದನಿ ಅವಳಿಗೇ ಹೊಸದಾಗಿ ಕೇಳಿಸಿತು, "ಈ ಹಾಳಿ ಯಾರದು?"

"ಯಾರದೂ ಅಲ್ಲ ಬೇಟಿ. ಹಕ್ಕಿ ನಿಂದು, ಹಾಳಿ ನಿಂದು."

ಅವಳು ಒಂದು ಕಾರ್ಡು ಕತ್ತರಿಸಿಕೊಂಡು ಹೆಸರು ಒತ್ತುವ ಮಷಿನ್ನಿನ ಮುಂದೆ ಕೂತಳು. ಅದು ಕೈಯಿಂದ ನಡೆಯುವಂಥದು, ಕರೆಂಟಿನ ಹಂಗಿಲ್ಲ. ಚಕ್ಕಡಿ ಗಾಲಿಯಂಥ ಅಕ್ಷರದ ಬಿಲ್ಲೆ ತಿರುಗಿಸಬೇಕು, ಹಿಡಿ ಎಳೆಯಬೇಕು.

"ಅದನ್ನೂ ಏರಸ್ಬೇಕವ್ವ," ಎಂದ ಹಮಾಲ ಉರುಕುಂದಪ್ಪ.

"ಒಂದೀಟು ತಡಿ ಯಪ್ಪಾ. ಒಂದು ಹೆಸರು ಅದ."

ತಾಯಣ್ಣ ಬಂದು ಹಿಂದೆ ನಿಂತ. ಟಿ. ಕಟಕ್. ಎಚ್. ಕಟಕ್. ಅವಳ ಕೈಗೆ ಹಿಡಿ ಬಿಗಿಯಾಗಿತ್ತು. ಒಂದಕ್ಷರ ಮೇಲೆ, ಒಂದಕ್ಷರ ಕೆಳಗೆ. ಇಂಗ್ಲಿಷ್ ಅಕ್ಷರಗಳು ಜಾತ್ರೆಯಿಂದ ಬರುವ ಮಕ್ಕಳ ಸಾಲಿನಂತೆ ಬೆಳ್ಳಕ್ಕಿಯ ಕಾಲಡಿ ನಡೆದವು. ತಿದ್ದಲು ಅವನು ಕೈ ಚಾಚಲಿಲ್ಲ. ತನ್ನ ಹೆಸರನ್ನು ತಾನೇ ಒತ್ತಿಕೊಳ್ಳಬಾರದಲ್ಲ.

ಕೊನೆಯ ಎ ಒಂದು ಉಳಿದಿತ್ತು. ಲಾರಿ ಹಾರ್ನ್ ಹೊಡೆಯಿತು.

"ಅಮರಮ್ಮಾರೇ," ಎಂದ ತಾಯಣ್ಣ, ನಗಲು ನೋಡುತ್ತ, ನಗು ಬಾರದೆ. "ಸಂಘ ಹೋತು. ಈ ಕಾರ್ಡ್ ಹಿಡಕೊಂಡು ನಾ ಯಾವ ಅಂಗಡಿಗಿ ಹೋಗ್ಲಿ?"

ಹಿಡಿಯ ಮೇಲಿದ್ದ ಅವಳ ಕೈ ಹಾಗೇ ನಿಂತಿತು. ಗೂಗಲ್ಲಿನ ಮನೆ ಕಣ್ಣಿಗೆ ಬಂತು. ಬಾಗಿಲು. ಬಾಗಿಲಲ್ಲಿ ಎಷ್ಟೋ ಕಾಲದಿಂದ ನಿಂತೇ ಇದ್ದ ಒಬ್ಬ. ಅವನ ಕಾಲು ನೊಂದಿರಬೇಕು.

"ಅಂಗಡಿಗಲ್ರೀ. ದೇವದುರ್ಗದ ಬಸ್ ಹಿಡದು ಗೂಗಲ್ಲಿಗೆ ಹೋಗ್ರಿ. ಅಲ್ಲಮನ ಗುಡಿ ಹಿಂದಿನ ಓಣ್ಯಾಗ ಗದ್ದೆಮ್ಮನ ಮನಿ ಯಾವುದು ಅಂತ ಕೇಳ್ರಿ. ಬಾಗಿಲದಾಗ ನಿಂತು ಇದನ್ನ ತೋರಸ್ರಿ."

"ತೋರಿಸಿದ್ರ?"

"ಕೇಳಿದ್ದು ಕೊಡ್ತಾರ."

"ಹಿರೇರಿಲ್ಲ ನನಗ."

"ಹೆಸರು ಅದ. ನಾ ಒತ್ತೀನಿ."

ತಾಯಣ್ಣ ಅವಳ ಕಿವಿಯ ಹತ್ತಿರ ಬಗ್ಗಿದ. "ಯಾವಾಗ ಹೋಗ್ಲಿ?"

"ಹೈದರಾಬಾದಿನಾಗ ನೆಲಿ ನಿಂತ ಮ್ಯಾಲ. ನಮ್ಮಜ್ಜಿ ಮಕ್ಕೊಳ್ಳದ್ರಾಗ ಹೋಗ್ರಿ, ಮತ್ತ. ಆಕಿಗಿ ಕಥಿ ತುದಿ ಹೇಳ್ತೀನಂತ ಮಾತು ಕೊಟ್ಟೀನಿ."

ಅವಳು ಅಕ್ಷರದ ಬಿಲ್ಲೆಯನ್ನು ಎ ತನಕ ತಿರುಗಿಸಿದಳು. ಎರಡೂ ಕೈಯಲ್ಲಿ ಹಿಡಿ ಹಿಡಿದು, ಮೈಭಾರವೆಲ್ಲ ಹಾಕಿ ಎಳೆದಳು.

ಕಟಕ್.