ಸವೆದ ಥ್ರೆಡ್ಡು

ಅಣ್ಣ ತೀರಿಕೊಂಡ ಮೇಲೆ ಟ್ರ್ಯಾಕ್ಟರು ತನಗೇ ಬರುತ್ತದೆ ಎಂಬುದರಲ್ಲಿ ಡಾಕ್ಟರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಡಾಕ್ಟರು ಅಂದರೆ ಮನುಷ್ಯರ ಡಾಕ್ಟರಲ್ಲ. ಬಾನೆಟ್ಟಿಗೆ ಕಿವಿಯಿಟ್ಟು ಎಂಜಿನ್ನಿನ ಕಾಯಿಲೆ ಹೇಳುವ ಮೆಕ್ಯಾನಿಕ್ಕು. ಊರವರು ಇಟ್ಟ ಹೆಸರದು. ಹತ್ತನೇ ವಯಸ್ಸಿನಿಂದ ಆ ಟ್ರ್ಯಾಕ್ಟರಿನ ಮೈ ತೊಳೆದವನು, ಎಣ್ಣೆ ಬದಲಿಸಿದವನು ಅವನು. "ಮುಂದೆ ಇದು ನಿಂದೇ ಕಣೋ" ಎಂದು ಅಣ್ಣ ನೂರು ಸಲ ಹೇಳಿದ್ದ. ಹೇಳಿದ್ದನೇ ಹೊರತು ಎಲ್ಲೂ ಬರೆದಿಟ್ಟಿರಲಿಲ್ಲ. ಗಾಡಿ ಅತ್ತಿಗೆಯ ಹೆಸರಿಗೆ ಹೋಯಿತು.

ಅತ್ತಿಗೆ ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿ ನೋಡಿ ನೋಡಿ ಅತ್ತಿದ್ದರೆ ಅವನು ಹೇಗೋ ಸಹಿಸುತ್ತಿದ್ದ. ಆಕೆ ಸೀಟಿನ ಮೇಲೊಂದು ದಿಂಬು ಹಾಕಿಕೊಂಡು ತಾನೇ ಉಳತೊಡಗಿದಳು. ಅದೂ ಸಾಲದೆಂಬಂತೆ, ಕಿರಿದಾದ ಗೇಟಿನೊಳಗೆ ಟ್ರೇಲರನ್ನು ಒಂದೇ ಸಲಕ್ಕೆ ರಿವರ್ಸ್ ತೆಗೆದಳು. ಡಾಕ್ಟರು ಇವತ್ತಿಗೂ ಮೂರು ಸಲ ಹಿಂದೆ ಮುಂದೆ ಆಡಿಸಬೇಕು. ಅವನ ಹೊಟ್ಟೆ ಉರಿದುಹೋಯಿತು.

ಹಾಗಂತ ಅವನೇನೂ ಕೊಲೆಗಡುಕನಲ್ಲ. ಯಾರಿಗೂ ಗಾಯವಾಗಬಾರದು, ಗಾಡಿ ಮಾತ್ರ ಕೈ ಬದಲಾಗಬೇಕು. ಉಪಾಯ ಹೊಳೆದದ್ದು ಗಡ್ಡ ಬೋಳಿಸಿಕೊಳ್ಳುವಾಗ. ಖುಷಿಗೆ ಕೆನ್ನೆ ಕೊಯ್ದುಕೊಂಡ.

ಸ್ಟೇರಿಂಗ್ ಬಾಕ್ಸು ನಾಲ್ಕು ಬೋಲ್ಟುಗಳ ಮೇಲೆ ಕೂತಿರುತ್ತದೆ. ಬೋಲ್ಟನ್ನು ಕಚ್ಚಿಹಿಡಿಯುವ ಥ್ರೆಡ್ಡು, ಅಂದರೆ ತಿರುಪಿನ ಗೆರೆ, ಗಾಡಿಯ ಎರಕದ ಕಬ್ಬಿಣದ ಮೈಯಲ್ಲೇ ಕೊರೆದದ್ದು. ಅದು ಕಿತ್ತುಹೋದರೆ ಬಾಕ್ಸು ಅಲ್ಲಾಡುತ್ತದೆ, ಚಕ್ರ ಹೇಳಿದ ಮಾತು ಕೇಳುವುದಿಲ್ಲ. 'ಎರಕವೇ ಹೋಗಿದೆ, ಇಷ್ಟು ಹಳೇ ಗಾಡಿಯದ್ದು ಇನ್ನೆಲ್ಲೂ ಸಿಗಲ್ಲ' ಎಂದರಾಯಿತು, ಅತ್ತಿಗೆ ಗುಜರಿಗೆ ಹಾಕುತ್ತಾಳೆ. ಗುಜರಿಯವನು ಡಾಕ್ಟರ ಜೀವದ ಗೆಳೆಯ, ಗಾಡಿಯನ್ನು ಇವನ ಕೈಗೇ ಕೊಡುತ್ತಾನೆ. ಆಮೇಲೆ ತೂತುಗಳನ್ನು ತುಸು ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ಡು ಹಾಕಿ, ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂರಿಸಿದರೆ ಹಿಡಿತ ಹೊಸ ಗಾಡಿಗಿಂತ ಗಟ್ಟಿ. ಒಂದು ಬೆಳಗಿನ ಕೆಲಸ.

ಸರ್ವಿಸಿನ ದಿನ ಬಂತು.

"ಬಿತ್ತನೆ ಬೀಜ ತರೋಕೆ ಹೋಗ್ತಿದ್ದೀನಿ. ನೋಡ್ಕೋತೀಯಲ್ಲ?" ಎಂದಳು ಅತ್ತಿಗೆ.

"ನಿಧಾನವಾಗಿ ಬನ್ನಿ ಅತ್ತಿಗೆ. ನಾನಿಲ್ವಾ?"

ಅವಳು ತಿರುವು ದಾಟುತ್ತಲೇ ಅವನು ಸ್ಪ್ಯಾನರಿನ ಹಿಡಿಗೆ ಮಾರುದ್ದದ ಪೈಪು ಸಿಕ್ಕಿಸಿದ. ಬಿಗಿಯಾಗಿದ್ದ ಬೋಲ್ಟನ್ನು ಇನ್ನಷ್ಟು ಬಿಗಿದ, ಮತ್ತಷ್ಟು ಬಿಗಿದ. ಒಳಗೇನೋ ಮುರಿದು ಕೈ ಹಗುರಾಯಿತು. ಅರ್ಧ ಗಂಟೆಯಲ್ಲಿ ನಾಲ್ಕೂ ಬೋಲ್ಟು ಗಿರಗಿರ ಸುತ್ತುತ್ತಿದ್ದವು. ಉದುರಿದ ಚೂರುಗಳನ್ನು ಅಯಸ್ಕಾಂತದಿಂದ ಎತ್ತಿದ. ಹೊಸ ಗಾಯ ಹೊಳೆಯಬಾರದೆಂದು ಹಳೇ ಗ್ರೀಸಿಗೆ ಧೂಳು ಕಲೆಸಿ ಬೋಲ್ಟುಗಳ ಸುತ್ತ ಮೆತ್ತಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಗಾಡಿ ಅವನಿಗೇ ಅಯ್ಯೋ ಅನಿಸುವಷ್ಟು ಮುದಿಯಾಗಿ ಕಾಣುತ್ತಿತ್ತು.

ಅತ್ತಿಗೆ ಬಂದು ಬಾಕ್ಸಿನ ಮೇಲೆ ಕೈಯಿಟ್ಟು ಅಲುಗಿಸಿದಳು. ಅದು ಲೊಟಕ್ಕೆಂದಿತು.

"ನಾಲ್ಕೂ ಥ್ರೆಡ್ಡು ಹೋಗಿದೆಯಾ?"

"ನಾಲ್ಕೂ. ಇದನ್ನ ಓಡಿಸಿ ನೀವೆಲ್ಲಾದ್ರೂ ಬಿದ್ರೆ ಅಣ್ಣನಿಗೆ ನಾನೇನು ಉತ್ತರ ಹೇಳ್ಲಿ?"

"ರಿಪೇರಿ ಆಗಲ್ವಾ?"

"ಅಣ್ಣನೇ ಎದ್ದು ಬಂದ್ರೂ ಆಗಲ್ಲ ಅತ್ತಿಗೆ." ತೋಳಿನಿಂದ ಕಣ್ಣೊರೆಸಿಕೊಂಡ. ಇಷ್ಟು ಚೆನ್ನಾಗಿ ನಟಿಸುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

ಅತ್ತಿಗೆ ಸೆರಗಿನ ತುದಿಯಲ್ಲಿ ಕೈಯ ಗ್ರೀಸು ಒರೆಸಿಕೊಂಡಳು. "ಹಾಗಾದ್ರೆ ಅದನ್ನೇ ಬರೆದುಕೊಡು. ಗಾಡಿ ಕೆಟ್ಟದ್ದಕ್ಕೆ ಮೆಕ್ಯಾನಿಕ್ಕಿನ ಕಾಗದ ಇದ್ರೆ ರೈತರ ಸಂಘದವರು ಬದಲಿ ಗಾಡಿ ಕೊಡ್ತಾರಂತೆ. ನಾಳೆ ಕಾರ್ಯದರ್ಶಿ ಬರ್ತಾರೆ."

ಡಾಕ್ಟರಿಗೆ ಕುಣಿದಾಡುವಂತಾಯಿತು. ಅತ್ತಿಗೆಗೆ ಬದಲಿ ಗಾಡಿಯೂ ಸಿಗುವುದಾದರೆ ಇದರಲ್ಲಿ ಪಾಪವೆಲ್ಲಿ ಬಂತು? ಮನೆಗೆ ಹೋಗಿ ಒಳ್ಳೇ ಕಾಗದ ಹುಡುಕಿದ. ಮೊದಲು ಎರಡೇ ಸಾಲು ಬರೆದ. ಸಪ್ಪೆ ಎನಿಸಿ ಹರಿದುಹಾಕಿದ. ಎರಡನೇ ಸಲ ಕೈ ಸರಾಗವಾಗಿ ಓಡಿತು: 'ನಾಲ್ಕೂ ಬೋಲ್ಟು ಬಿಚ್ಚಿ, ಎರಕದ ನಾಲ್ಕೂ ತೂತುಗಳ ಥ್ರೆಡ್ಡನ್ನು ಒಂದೊಂದಾಗಿ ಬೆರಳಿಟ್ಟು ಪರೀಕ್ಷಿಸಿದ್ದೇನೆ. ನಾಲ್ಕೂ ಒಂದೇ ರೀತಿ, ವಯಸ್ಸಿನಿಂದ ಸವೆದುಹೋಗಿವೆ. ಯಾರ ತಪ್ಪೂ ಇಲ್ಲ.' ಕೊನೆಯ ವಾಕ್ಯ ತನ್ನ ದೊಡ್ಡತನಕ್ಕೆ ಸಾಕ್ಷಿ ಎನಿಸಿತು. ನಿಜಕ್ಕೂ ಬಿಚ್ಚಿ ನೋಡುವ ಗೋಜಿಗೆ ಅವನು ಹೋಗಿರಲಿಲ್ಲ. ತಾನೇ ಕೆಡಿಸಿದ್ದನ್ನು ತಾನೇ ಏನು ನೋಡುವುದು! ಸಹಿ ಹಾಕಿ, ತನ್ನ ಗ್ಯಾರೇಜಿನ ಮೊಹರನ್ನು ಎರಡು ಸಲ ಒತ್ತಿದ.

ಮರುದಿನ ಶೆಡ್ಡಿನಲ್ಲಿ ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. ಸಹಿ ನಿಮ್ಮದೇನಾ ಎಂದು ಕೇಳಿದರು. ಡಾಕ್ಟರು ವಿನಯದಿಂದ ಹೌದೆಂದು ತಲೆಯಾಡಿಸಿದ. ಅತ್ತಿಗೆ ದನಿಯೇರಿಸಲಿಲ್ಲ. "ಎಂಟು ವರ್ಷದ ಹಿಂದೆ ನೀನು ಪೇಟೆಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ ಡೀಸೆಲ್ ಟ್ಯಾಂಕಿನ ಕಡೆಯ ತೂತು ಕೆಟ್ಟಿತ್ತಪ್ಪಾ. ನಿಮ್ಮಣ್ಣ ಅದನ್ನ ಆಚೆಗೂ ತೂರೋ ಹಾಗೆ ಕೊರೆದು, ಉದ್ದ ಬೋಲ್ಟು ತೂರಿಸಿ ಹಿಂದುಗಡೆ ಕಣ್ಣಿಗೆ ಬೀಳದ ಜಾಗದಲ್ಲಿ ನಟ್ಟು ಬಿಗಿದ್ರು. ಸ್ಪ್ಯಾನರಿನಲ್ಲಿ ಆ ನಟ್ಟು ಹಿಡ್ಕೊಂಡಿದ್ದವಳು ನಾನೇ. ಹಿಡ್ಕೊಳ್ಳದೆ ತಿರುಗಿಸಿದ್ರೆ ಬೋಲ್ಟು ನಟ್ಟಿನ ಸಮೇತ ಸುಮ್ಮನೆ ಸುತ್ತುತ್ತೆ. ಆ ತೂತಿನಲ್ಲಿ ಥ್ರೆಡ್ಡೇ ಇಲ್ಲ. ನೀನು ಬೆರಳಿಟ್ಟು ನೋಡಿದ್ದು ಯಾವ ಥ್ರೆಡ್ಡು?" ಕಾರ್ಯದರ್ಶಿ ಕಾಗದವನ್ನು ಮಡಚಿ ಜೇಬಿಗಿಳಿಸಿ, ಬಾಕ್ಸಿನ ಹಿಂದೆ ಕೈಹಾಕಿ ತಡಕಾಡಿದರು. ನಟ್ಟು ಅಲ್ಲೇ ಇತ್ತು.