ಸಿ ಡ್ರೈವ್ ನುಂಗಿದವನು

ಬಾಗಿಲಿಗೆ ಮತ್ತೊಂದು ಒದೆ ಬಿತ್ತು. ಚೌಕಟ್ಟಿನ ಪಕ್ಕದ ಸಿಮೆಂಟ್ ಉದುರಿತು... ಬಾಗಿಲು ಮಾತ್ರ ಅಲುಗಲಿಲ್ಲ!

ಒದೆಯುತ್ತಿದ್ದವನು ಗೂಳಿ. ಫ್ಯಾಕ್ಟರಿಯ ಸೆಕ್ಯುರಿಟಿಗೆ ಹೆಡ್. ತಲೆಗೆ ಕೆಲಸವಿಲ್ಲದಿದ್ದರೆ ಕುತ್ತಿಗೆ ಎಷ್ಟು ದಪ್ಪ ಬೆಳೆಯುತ್ತದೆ ಎಂದು ತಿಳಿಯಬೇಕಾದರೆ ಅವನನ್ನು ನೋಡಿದರೆ ಸಾಕು.

ನನ್ನ ಮುಂದೆ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್. ಸ್ಕ್ರೀನಿನಲ್ಲಿ ಕೆಂಪು ಪಟ್ಟಿ. ಸಿ ಡ್ರೈವ್ ಫುಲ್.

ನಗಬೇಡಿ. ಪತ್ತೇದಾರಿ ನನ್ನ ಕಸುಬು. ಬೇರೆಯವರ ಗಂಡಂದಿರ ಬೆನ್ನು ಹತ್ತಿ ಏಟು ತಿಂದಿದ್ದೇನೆ. ಓಡಿಹೋದ ಪಾರ್ಟ್‌ನರ್‌ಗಳನ್ನು ಹುಡುಕಿ ಬೈಸಿಕೊಂಡಿದ್ದೇನೆ. ಡಿಸ್ಕ್‌ನಲ್ಲಿ ಜಾಗವಿಲ್ಲ ಅನ್ನುವ ಕೇಸಿಗೆ ಕೈಕಾಲು ಮುರಿಯಲು ಬಂದವರು ಇವರೇ ಮೊದಲು!

ಅದು ಬೀಗ ತಯಾರಿಸುವ ಫ್ಯಾಕ್ಟರಿ. ಯಜಮಾನರಿಗೆ ಇಬ್ಬರು ಮಕ್ಕಳು. ಮಗ ಆಫೀಸು ನೋಡಿಕೊಳ್ಳುತ್ತಾನೆ... ಅಂದರೆ ಏಸಿಯಲ್ಲಿ ಕೂತು ಕೆಳಗಿನವರ ಮೇಲೆ ಹಾರಾಡುತ್ತಾನೆ. ಮಗಳು ಬೀಗಗಳ ಡಿಸೈನ್ ಮಾಡುತ್ತಾಳೆ. ನನ್ನನ್ನು ಕರೆಸಿದವಳು ಅವಳು.

ಆ ಸಂಜೆ ದೊಡ್ಡ ಆರ್ಡರ್ ಕೊಡುವ ಪಾರ್ಟಿ ಬರುವವರಿದ್ದರು. ಅವರೆದುರು ಅವಳ ಹೊಸ ಬೀಗದ ಡ್ರಾಯಿಂಗ್ ತೆರೆದುಕೊಂಡರೆ ಫ್ಯಾಕ್ಟರಿ ಅವಳ ಕೈಗೆ. ತೆರೆಯದಿದ್ದರೆ ಅಣ್ಣನ ಕೈಗೆ. ಹಾಗೆಂದು ಅಪ್ಪ ಮಾತು ಕೊಟ್ಟಿದ್ದರು.

ಲ್ಯಾಪ್‌ಟಾಪ್ ನೋಡಿದರೆ ಹೀಗೆ. ಡ್ರೈವ್ ತುಂಬಿ ಡ್ರಾಯಿಂಗ್ ತೆರೆಯುತ್ತಲೇ ಇರಲಿಲ್ಲ. ಮೇಡಂ ಕಂಪ್ಯೂಟರ್ ತುಂಬ ಸಿನಿಮಾ ಇಟ್ಟುಕೊಂಡಿದ್ದಾರೆ ಎಂದು ಅಣ್ಣ ಇಡೀ ಆಫೀಸಿಗೆ ಸಾರಿದ್ದ. ಅಪ್ಪನೂ ಅರ್ಧ ನಂಬಿದ್ದರು.

"ಒಂದು ಹಾಡೂ ಇಟ್ಟಿಲ್ಲ ಸಾರ್. ದಿನಾ ಅಳಿಸ್ತೀನಿ, ಮಾರನೇ ದಿನ ಮತ್ತೆ ತುಂಬಿರತ್ತೆ. ನಂಗೇ ತಲೆ ಕೆಟ್ಟಿದೆಯೇನೋ ಅನ್ಸೋಕೆ ಶುರುವಾಗಿದೆ."

ಇಷ್ಟು ಹೇಳಿ, ಲ್ಯಾಪ್‌ಟಾಪನ್ನು ನನ್ನ ಕೈಗೊಪ್ಪಿಸಿ, ಅವಳು ಕೆಳಗೆ ಮೀಟಿಂಗ್ ರೂಮಿಗೆ ಹೋದಳು.

ರೀಸೈಕಲ್ ಬಿನ್ ಖಾಲಿ ಮಾಡಿದೆ. ಟೆಂಪ್ ಫೈಲುಗಳನ್ನು ಗುಡಿಸಿದೆ. ಇಷ್ಟೇ ಮಾಡಿ ಬಿಲ್ ಬರೆಯುವ ಪಂಡಿತರು ಬೀದಿಗೊಬ್ಬರಿದ್ದಾರೆ. ಆಮೇಲೆ ಕಣ್ಣಿಗೆ ಕಾಣುವ ಫೋಲ್ಡರ್‌ಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿ ಲೆಕ್ಕ ನೋಡಿದೆ. ಅರ್ಧ ಡ್ರೈವ್ ಕೂಡ ಆಗಲಿಲ್ಲ! ಹಾಗಾದರೆ ಉಳಿದರ್ಧ ಎಲ್ಲಿ?

ಅಡಗಿಸಿಟ್ಟ ಫೈಲುಗಳೂ ಕಾಣುವಂತೆ ಸೆಟ್ಟಿಂಗ್ ಬದಲಿಸಿದೆ.

ಸಿಕ್ಕಿಬಿತ್ತು!

ಪ್ರಿಂಟರ್ ಎಂಬ ಹೆಸರಿನ ಫೋಲ್ಡರ್. ಒಳಗೆ ರಾಶಿ ರಾಶಿ ವಿಡಿಯೋ. ಒಂದನ್ನು ತೆರೆದೆ. ಅದೇ ಲ್ಯಾಪ್‌ಟಾಪಿನ ಸ್ಕ್ರೀನು, ಅವಳ ಹೊಸ ಬೀಗದ ಡ್ರಾಯಿಂಗು. ಅವಳು ಎಳೆದ ಒಂದೊಂದು ಗೆರೆಯೂ ರೆಕಾರ್ಡ್ ಆಗಿತ್ತು.

ಯಾರೋ ಒಳಗೆ ಗೂಢಚಾರ ಪ್ರೋಗ್ರಾಮ್ ಕೂರಿಸಿದ್ದರು. ಸ್ಕ್ರೀನ್ ರೆಕಾರ್ಡ್ ಮಾಡುವುದು, ನೆಟ್‌ನಲ್ಲಿ ಹೊರಗೆ ಕಳಿಸುವುದು, ಕಳಿಸಿದ ಮೇಲೆ ಅಳಿಸುವುದು ಅದರ ಕೆಲಸ. ಆದರೆ ಕಳಿಸಲು ಆಗಿರಲಿಲ್ಲ. ಖರ್ಚು ಉಳಿಸಬೇಕೆಂದು ಆಫೀಸಿನ ನೆಟ್ ಪ್ಯಾಕನ್ನು ತೀರಾ ಕೆಳಕ್ಕೆ ಇಳಿಸಿದ್ದರಂತೆ. ಒಂದು ಫೋಟೋ ಹೋಗುವಷ್ಟರಲ್ಲಿ ಒಂದು ನಿದ್ದೆ ಮುಗಿಸಬಹುದು! ವಿಡಿಯೋಗಳು ಸಾಲಿನಲ್ಲೇ ಕೂತು ಕೂತು ಡ್ರೈವನ್ನು ತುಂಬಿಸಿಬಿಟ್ಟಿದ್ದವು.

ಆ ಪ್ಯಾಕ್ ಇಳಿಸಿದ ಜಾಣ ಅಣ್ಣನೇ. ಆದರೆ ಜಿಪುಣನಾದವನೆಲ್ಲ ಕಳ್ಳನಲ್ಲ. ಸಾಕ್ಷಿ ಬೇಕಿತ್ತು. ಊಟದ ಹೊತ್ತಿನ ವಿಡಿಯೋ ಒಂದನ್ನು ಓಡಿಸಿದೆ.

ಅದರಲ್ಲಿ ಡ್ರಾಯಿಂಗ್ ಇರಲಿಲ್ಲ. ಮೇಲ್ ಬಾಕ್ಸ್ ಇತ್ತು. ಮೇಲೆ ಅಣ್ಣನ ಹೆಸರು! ತಂಗಿ ಊಟಕ್ಕೆದ್ದಾಗ ಅವಳ ಲ್ಯಾಪ್‌ಟಾಪಿನಲ್ಲೇ ಕೂತು, ಎದುರಾಳಿ ಕಂಪನಿಗೆ ಬರೆದಿದ್ದ. ಡ್ರಾಯಿಂಗ್ ಬೇಗ ತಲುಪಿಸುತ್ತೇನೆ, ತಂಗಿಯನ್ನು ಹೊರಗೆ ಹಾಕಿಸುವ ಏರ್ಪಾಡೂ ಆಗುತ್ತಿದೆ ಎಂದು. ತಾನೇ ಕೂರಿಸಿದ ಗೂಢಚಾರ ಕಣ್ಣು ಬಿಟ್ಟುಕೊಂಡಿದ್ದಾನೆ ಎಂಬುದು ಆ ಮಹಾನುಭಾವನಿಗೆ ಹೊಳೆದೇ ಇರಲಿಲ್ಲ. ಇಂಥವರು ಬೀಗದ ಫ್ಯಾಕ್ಟರಿ ನಡೆಸುತ್ತಾರಂತೆ!

ಹಿಂದೆ ಉಸಿರಿನ ಸದ್ದು. ತಿರುಗಿದೆ. ಅಣ್ಣ ನನ್ನ ಭುಜದ ಮೇಲಿಂದ ಸ್ಕ್ರೀನ್ ನೋಡುತ್ತಿದ್ದ.

"ಫಾರ್ಮ್ಯಾಟ್ ಮಾಡು."

"ಡ್ರಾಯಿಂಗೂ ಹೋಗತ್ತೆ ಸಾರ್."

"ಹೋಗ್ಲಿ. ನಿಂಗೇನು ಬೇಕೋ ಕೇಳು."

"ನೆಟ್ ಪ್ಯಾಕಿಗೇ ಕೈ ಬಿಗಿ ಹಿಡಿಯೋರ ಹತ್ರ ಏನು ಕೇಳ್ಲಿ?"

ಅಣ್ಣನ ಮುಖ ಸುಣ್ಣದಂತಾಯಿತು. ಹೊರಗೆ ಓಡಿ ಗೂಳಿಯನ್ನು ಕೂಗಿದ. ನಾನು ಬಾಗಿಲು ಮುಚ್ಚಿ ಬೀಗ ತಿರುಗಿಸಿದೆ. ಅವಳ ಹೊಸ ಬೀಗದ ಸ್ಯಾಂಪಲ್ ಅದೇ ಬಾಗಿಲಿಗೆ ಹಾಕಿದ್ದರು. ಹಾಗಾಗಿಯೇ ಗೂಳಿಯ ಕಾಲು ನೋಯುತ್ತಿತ್ತೇ ಹೊರತು ಬಾಗಿಲಿಗೆ ಏನೂ ಆಗುತ್ತಿರಲಿಲ್ಲ.

ಒದೆ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಕಬ್ಬಿಣ ಕೊರೆಯುವ ಮೆಷಿನ್ ಕಿರುಚತೊಡಗಿತು... ಬೀಗ ಕೊರೆಯಲು ಆಗದಿದ್ದರೆ ಬಾಗಿಲನ್ನೇ ಕೊರೆಯಬಹುದಲ್ಲ!

ವಿಡಿಯೋ ಬೇರೆ ಕಡೆ ಕಾಪಿ ಮಾಡೋಣವೆಂದರೆ ದಾರಿಯಿಲ್ಲ. ಪೆನ್ ಡ್ರೈವ್ ಹಾಕುವ ತೂತುಗಳಿಗೆಲ್ಲ ಅಣ್ಣ ಮೊದಲೇ ಅಂಟು ಮೆತ್ತಿಸಿದ್ದ. ಕಂಪನಿಯ ಭದ್ರತೆಗಂತೆ. ಇನ್ನು ಲ್ಯಾಪ್‌ಟಾಪ್ ಆಫ್ ಆದರೆ, ಹೀಗೆ ಗಂಟಲವರೆಗೆ ತುಂಬಿದ ಡ್ರೈವ್ ಮತ್ತೆ ಏಳುತ್ತದೆ ಎಂಬ ಗ್ಯಾರಂಟಿ ಇರಲಿಲ್ಲ. ರಾಶಿಯನ್ನು ಅಳಿಸುತ್ತ ಕೂರಲು ಹೊತ್ತೂ ಇಲ್ಲ. ಮುಚ್ಚುವ ಹಾಗಿಲ್ಲ. ತೆರೆದೇ ಹೊತ್ತುಕೊಂಡು ಹೋಗಬೇಕು.

ಕಿಟಕಿಯಿಂದ ಇಳಿದೆ. ಹಿಂದಿನ ಕಬ್ಬಿಣದ ಮೆಟ್ಟಿಲು ಸಿಕ್ಕಿತು. ತಟ್ಟೆ ಹಿಡಿದ ಸಪ್ಲೈಯರ್ ಥರ ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಪಾಲಿಶ್ ಸೆಕ್ಷನ್ನಿಗೆ ನುಗ್ಗಿದೆ. ಕೆಲಸದವರು ಮೆಷಿನ್ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಗೂಳಿ!

ಕೈ ಎರಡೂ ಬ್ಯುಸಿ. ಕಾಲು ಖಾಲಿ. ಬೀಗದ ಕೈಗಳು ತುಂಬಿದ್ದ ಕ್ರೇಟೊಂದು ಬೆಂಚಿನ ಅಂಚಿನಲ್ಲಿತ್ತು. ಅದಕ್ಕೊಂದು ಒದೆ ಕೊಟ್ಟೆ. ನೆಲದ ತುಂಬ ಕೀಲಿಕೈಗಳು ಹರಡಿಕೊಂಡವು. ಗೂಳಿ ಅದರ ಮೇಲೆ ಕಾಲಿಟ್ಟ... ಮುಂದಿನದನ್ನು ನಾನು ತಿರುಗಿ ನೋಡಲಿಲ್ಲ, ಕೇಳಿಸಿಕೊಂಡೆ. ಕೆಲಸದವರು ನಕ್ಕಿದ್ದೂ ಕೇಳಿಸಿತು.

ಮೀಟಿಂಗ್ ರೂಮಿನ ಬಾಗಿಲನ್ನು ಭುಜದಿಂದ ತಳ್ಳಿದೆ. ಪಾರ್ಟಿ ಇನ್ನೂ ಬಂದಿರಲಿಲ್ಲ. ಅಪ್ಪ ಪಕ್ಕದ ಸೋಫಾದಲ್ಲಿದ್ದರು. ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಅಣ್ಣ ನನಗಿಂತ ಮೊದಲೇ ಬಂದು ಯಜಮಾನರ ಕುರ್ಚಿಯಲ್ಲಿ ಕೂತಿದ್ದ. ನಾನು ಲ್ಯಾಪ್‌ಟಾಪ್ ಕದ್ದು ಓಡುತ್ತಿದ್ದೇನೆ, ಪೊಲೀಸರಿಗೆ ಹೇಳಬೇಕು ಎಂದು ಅಪ್ಪನಿಗೆ ವಿವರಿಸುತ್ತಿದ್ದ.

ಲ್ಯಾಪ್‌ಟಾಪನ್ನು ಅಪ್ಪನ ಮುಂದಿಟ್ಟು ವಿಡಿಯೋ ಓಡಿಸಿದೆ.

ಮಗ ಟೈಪ್ ಮಾಡಿದ ಒಂದೊಂದು ಅಕ್ಷರವನ್ನೂ ಅಪ್ಪ ಓದಿದರು. ಮಗನಿಗೆ ಕಪಾಳಕ್ಕೆ ಬಿಡುತ್ತಾರೆಂದು ನಾನು ಕಾಯುತ್ತಿದ್ದೆ.

"ಇದನ್ನ ಅಳಿಸ್ಬಿಡಿ. ಮನೆ ಮಾತು ಹೊರಗೆ ಹೋಗ್ಬಾರ್ದು."

ಅಷ್ಟೇ! ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟೋ ಮರ್ಯಾದಸ್ಥರನ್ನು ನೋಡಿದ್ದೇನೆ, ಅಂದಿನಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ತಂಗಿ ಮುಂದೆ ಬಂದು ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು. ದನಿ ಏರಿಸಲಿಲ್ಲ.

"ಅಳಿಸ್ತೀನಪ್ಪಾ. ಮೊದ್ಲು ಅಣ್ಣ ಆ ಕುರ್ಚಿಯಿಂದ ಏಳ್ಲಿ."

ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಕಿಟಕಿ ನೋಡಿದರು. ಅಣ್ಣ ಎದ್ದ.

ಆ ಪ್ರೋಗ್ರಾಮನ್ನು ಕಿತ್ತೆಸೆದೆ. ರಾಶಿಯನ್ನು ಅಳಿಸಿದೆ, ಊಟದ ಹೊತ್ತಿನದೊಂದನ್ನು ಬಿಟ್ಟು. ಡ್ರೈವ್ ಉಸಿರಾಡಿತು. ಪಾರ್ಟಿಯವರು ಬಂದರು. ಡ್ರಾಯಿಂಗ್ ತೆರೆದುಕೊಂಡಿತು. ಅವಳು ಬೀಗದ ಒಳಗಿನ ಒಂದೊಂದು ಪಿನ್ನನ್ನೂ ಬಿಡಿಸಿ ತೋರಿಸಿದಳು. ಆರ್ಡರ್ ಖಾಯಂ ಮಾಡಿ, ಕೈ ಕುಲುಕಿ ಹೊರಟರು.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು. ಒಂದು ವಿಡಿಯೋ ಬಾಕಿ ಇದೆ, ಅಪ್ಪನಿಗೆ ಮಾತು ಕೊಟ್ಟಿದ್ದೀರಿ, ಅಳಿಸಲಾ ಎಂದು ಕೇಳಿದೆ.

ಅವಳು ಯಜಮಾನರ ಕುರ್ಚಿಯಲ್ಲಿ ಕೂತು ಹಿಂದಕ್ಕೆ ಒರಗಿದಳು. ಥೇಟ್ ಅಣ್ಣ ಕೂತ ಹಾಗೆಯೇ.

"ಇರ್ಲಿ ಬಿಡಿ. ಇನ್ನೂ ದೊಡ್ಡ ಡ್ರೈವ್ ಹಾಕ್ಕೊಡಿ."

ಹಾಕಿಕೊಟ್ಟೆ. ಆ ಮನೆಯವರಿಗೆ ಅದೂ ಸಾಲುವುದಿಲ್ಲ, ಬರೆದಿಟ್ಟುಕೊಳ್ಳಿ.